ಬಳ್ಳಾರಿ ಸೀಮೆಯ ಮರಳಕ್ಷರ

ದೇಶೀಯ ಶಾಲೆಗಳ ಸ್ಥಿತಿಗತಿಯನ್ನು ತಿಳಿಸಬೇಕೆಂದು ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆಜ್ಞಾಪಿಸಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯಲ್ಲಿ 533 ಶಾಲೆಗಳ, 6,641 ವಿದ್ಯಾರ್ಥಿಗಳ ಲೆಕ್ಕವಿದೆ. ಕನ್ನಡ ಶಾಲೆಗಳೇ 235. ಪಾಠಕ್ರಮದ ವರ್ಣನೆಯಂತೂ ಲೆಕ್ಕಕ್ಕಿಂತ ಸ್ವಾರಸ್ಯಕರವಾಗಿದೆ.

ಬೆಳಿಗ್ಗೆ ಮೊದಲು ಬಂದ ಬಾಲಕನ ಅಂಗೈಯಲ್ಲಿ ಸರಸ್ವತಿಯ ಹೆಸರು; ಎರಡನೆಯವನಿಗೆ ಸೊನ್ನೆ; ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಕಡೆಯವನ ಪಾಡನ್ನು ಊಹಿಸಿಕೊಳ್ಳಬಹುದು! ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು ಮೊದಲ ಅಭ್ಯಾಸ. ಮುಂದುವರಿದವರು ಹಿಂದಿನವರಿಗೆ ಕಲಿಸುತ್ತಿದ್ದರು. ಅದರಿಂದ ಅವರ ಕಲಿಕೆಯೂ ದೃಢವಾಗುತ್ತಿತ್ತು. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದು ಕ್ಯಾಂಪ್‌ಬೆಲ್ ಒಪ್ಪಿದ್ದಾನೆ. ಮದ್ರಾಸಿನಲ್ಲಿ ಇಂಥ ಪ್ರಯೋಗ ನಡೆಸಿದ ಆಂಡ್ರ್ಯೂ ಬೆಲ್ ಅದರ ವೃತ್ತಾಂತವನ್ನು 1797ರಲ್ಲಿಯೇ ಲಂಡನ್ನಿನಲ್ಲಿ ಪ್ರಕಟಿಸಿದ್ದನು.

ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಗ್ರಂಥಗಳಲ್ಲಿ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳ ಹೆಸರುಗಳಿವೆ. ಆದರೆ ಶಾಲೆಗಳಲ್ಲಿ ಪದ್ಯಗಳು ಕಂಠಸ್ಥವಾದರೂ ಅರ್ಥವು ಗಿಳಿಗೆ ತಿಳಿದಷ್ಟೇ ಎಂಬುದು ಆತನ ಆಕ್ಷೇಪ. ಇದನ್ನು ಪರಕೀಯನ ಪೂರ್ವಗ್ರಹವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಜನರ ಬಡತನದಿಂದ ಎಷ್ಟೋ ಊರುಗಳ ಶಾಲೆಗಳು ಮುಚ್ಚಿದುದನ್ನೂ, ಉಳಿದ 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲದುದನ್ನೂ ಅದೇ ಲೇಖನಿಯು ಮರೆಮಾಚದೆ ದಾಖಲಿಸಿದೆ.