ಶ್ರೀರಂಗಪಟ್ಟಣದ ಸ್ವಿಸ್ ಸಿಪಾಯಿಗಳು

ಒಂಬತ್ತನೇ ತರಗತಿಯಲ್ಲಿ ನಮ್ಮ ಶಾಲೆಯಿಂದ ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋಗಿದ್ದೆವು. ದರಿಯಾ ದೌಲತ್, ಗುಂಬಜ್, ಸಂಗಮ ನೋಡಿ, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದು ವಾಪಸು ಬಂದೆವು. 1799ರ ಮೇ 4ರಂದು ಇಂಗ್ಲಿಷರು ಕೋಟೆ ಗೆದ್ದರೆಂದು ಪರೀಕ್ಷೆಯಲ್ಲಿ ಬರೆದೆ, ಪೂರ್ತಿ ಅಂಕವೂ ಬಂತು. ಆ ಉತ್ತರ ಅರ್ಧ ಮಾತ್ರ ಸರಿ ಎಂದು ತಿಳಿದದ್ದು ಬಿಇ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ.

ಒಂದು ಭಾನುವಾರ ಕಾವೇರಿ ದಡದ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿದ್ದೆ. ಅಲ್ಲಿ ಸುಮಾರು 300 ಗೋರಿಗಳಿವೆ. ಅವುಗಳಲ್ಲಿ ಹಲವು 'ಡಿ ಮ್ಯೂರಾನ್' ರೆಜಿಮೆಂಟಿನವರವು. ಅದು ಸ್ವಿಟ್ಜರ್ಲೆಂಡ್ ಮೂಲದ ಬಾಡಿಗೆ ಪಡೆ.

ಆ ಕಾಲದ ಸ್ವಿಟ್ಜರ್ಲೆಂಡ್ ಇಂದಿನಂತೆ ಸಿರಿವಂತ ದೇಶವಲ್ಲ. ಗುಡ್ಡಗಾಡು, ಉಳುವ ನೆಲ ಕಡಿಮೆ. ಗಂಡುಮಕ್ಕಳು ಪರರಾಜರ ಸೈನ್ಯಕ್ಕೆ ಸೇರುವುದು ಅಲ್ಲಿ ಶತಮಾನಗಳ ಕಸುಬು. ಸ್ವಿಸ್ ಕಾಲಾಳು ಎಂದರೆ ಯುರೋಪಿನಲ್ಲಿ ಬೇಡಿಕೆ. ಪೋಪರನ್ನು ಕಾಯುವ ಸ್ವಿಸ್ ಪಡೆ 1506ರಿಂದ ಇದೆ. 1792ರಲ್ಲಿ ಪ್ಯಾರಿಸ್ಸಿನ ಅರಮನೆಯಲ್ಲಿ ಫ್ರೆಂಚ್ ದೊರೆಗಾಗಿ ನೂರಾರು ಸ್ವಿಸ್ ಸಿಪಾಯಿಗಳು ಸತ್ತರು. ಅದು ಅವರ ದೊರೆಯೂ ಅಲ್ಲ, ದೇಶವೂ ಅಲ್ಲ.

ನ್ಯೂಶಾಟೆಲ್ ಊರಿನ ಶಾರ್ಲ್ ಡಿ ಮ್ಯೂರಾನ್ 1781ರಲ್ಲಿ ಈ ರೆಜಿಮೆಂಟ್ ಕಟ್ಟಿದ್ದು ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ. ಹೆಸರಿಗೆ ಸ್ವಿಸ್ ಆದರೂ ಬೇರೆ ದೇಶದವರೂ ಅದರಲ್ಲಿದ್ದರು. ಆಫ್ರಿಕಾದ ಕೇಪ್ ಮುಗಿಸಿ ಸಿಲೋನಿಗೆ ಬಂದರು. 1795ರಲ್ಲಿ ಬ್ರಿಟಿಷರಿಗೆ ಸಿಲೋನ್ ಬೇಕಾಯಿತು. ಅದಕ್ಕೆ ಅವರು ಹುಡುಕಿದ ಉಪಾಯ ನೋಡಿ: ಹ್ಯೂ ಕ್ಲೆಘಾರ್ನ್ ಎಂಬ ಸ್ಕಾಟ್ಲೆಂಡಿನ ಪ್ರೊಫೆಸರನ್ನು ನ್ಯೂಶಾಟೆಲ್‌ಗೇ ಕಳಿಸಿ, ಯಜಮಾನನ ಜೊತೆ ಕರಾರು ಮಾಡಿಕೊಂಡು ಇಡೀ ರೆಜಿಮೆಂಟನ್ನೇ ತಮ್ಮ ಕಡೆಗೆ ಎಳೆದುಕೊಂಡರು. ಮರುವರ್ಷ ಫೆಬ್ರವರಿಯಲ್ಲಿ ಕೊಲಂಬೊ ಶರಣಾಯಿತು.

ಇದನ್ನು ಓದುವಾಗ ನನಗೆ ನಗು ಬಂತು, ಆಮೇಲೆ ಬರಲಿಲ್ಲ. ನಾನು ಮೊದಲು ಸೇರಿದ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಾಗ, ಸೋಮವಾರ ಬಂದು ನೋಡಿದರೆ ಕೊರಳಿನ ಐಡಿ ಕಾರ್ಡ್ ಬೇರೆ, ಕುರ್ಚಿ ಮಾತ್ರ ಅದೇ. ನಮ್ಮನ್ನು ಯಾರೂ ಕೇಳಿರಲಿಲ್ಲ. ಆದರೆ ನಮಗೆ ರಾಜೀನಾಮೆ ಕೊಡುವ ದಾರಿ ಇತ್ತು. ಸಿಪಾಯಿ ಹಾಗೆ ಹೊರಟರೆ ಅವನಿಗೆ ಶಿಕ್ಷೆ.

ಹೀಗೆ ಕೈಬದಲಾದವರು ನಾಲ್ಕು ವರ್ಷದಲ್ಲಿ ನಮ್ಮ ಕಾವೇರಿಯಲ್ಲಿ ಇಳಿದು ಕೋಟೆಯ ಬಿರುಕಿನತ್ತ ನುಗ್ಗಿದರು. ಒಳಗೆ ಟಿಪ್ಪುವಿನ ಪಕ್ಷದಲ್ಲಿ ಫ್ರೆಂಚ್ ಸಿಪಾಯಿಗಳಿದ್ದರು. ಇಬ್ಬರಿಗೂ ತಮ್ಮ ಊರು ಸಾವಿರಾರು ಮೈಲಿ ದೂರ. ಗೆದ್ದ ಮೇಲೆ ಪಡೆಯನ್ನು ಅಲ್ಲೇ ಕಾವಲಿಗೆ ಇಟ್ಟರು. ಆಗ ಅವರನ್ನು ಕಾಡಿದ್ದು ಗುಂಡಲ್ಲ, ಜ್ವರ. ಆ ಜ್ವರದ ಕಾಟಕ್ಕೇ ಬ್ರಿಟಿಷರು ಮುಂದೆ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ನಾನು ಇಂದು ಬಸ್ಸಿಳಿಯುವ ದಂಡು ಪ್ರದೇಶ ಬೆಳೆದದ್ದು ಹಾಗೆ.

ಉಳಿದವರು 1806ರಲ್ಲಿ ಭಾರತ ಬಿಟ್ಟರು. ಅಲ್ಲಿಂದ ಮೆಡಿಟರೇನಿಯನ್, 1813ರಲ್ಲಿ ಕೆನಡಾ. 1816ರಲ್ಲಿ ರೆಜಿಮೆಂಟ್ ವಿಸರ್ಜನೆಯಾದಾಗ ಕೆಲವರು ಅಲ್ಲಿನ ರೆಡ್ ರಿವರ್ ಸೀಮೆಗೆ ಹೋಗಿ ನೆಲೆಸಿದರು.

ಈಗಿನ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಮುಂದಿನ ಸಲ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದಾಗ ಆ ಸ್ಮಶಾನದ ಬಳಿಯೂ ಅರ್ಧ ಗಂಟೆ ಬಸ್ಸು ನಿಲ್ಲಿಸಿ. ಹೆದ್ದಾರಿಯಿಂದ ದೂರವೇನಿಲ್ಲ.