ವಿಗ್ರಹ: ಹೊರುವವರು ಯಾರು?

‘ವಿಗ್ರಹ’ ಎಂಬ ಸಂಸ್ಕೃತ ಪದವು ಕನ್ನಡದಲ್ಲಿ ಒಂದೇ ಅರ್ಥಕ್ಕೆ ಕಟ್ಟುಬಿದ್ದಿಲ್ಲ. ಸಮಾಸವನ್ನು ಬಿಡಿಸಿ ಹೇಳುವುದನ್ನು ವೈಯಾಕರಣರು ವಿಗ್ರಹವಾಕ್ಯವೆಂದರು, ಶಾಸನಗಳ ‘ಸಂಧಿವಿಗ್ರಹಿ’ಯು ಅರಸನ ಸಂಧಾನ ಮತ್ತು ಯುದ್ಧಗಳ ವ್ಯವಹಾರ ನೋಡುತ್ತಿದ್ದ ಅಧಿಕಾರಿ, ಗುಡಿಯಲ್ಲಿ ಅದೇ ಪದಕ್ಕೆ ದೇವರು ತಾಳಿದ ಆಕಾರವೆಂಬ ಅರ್ಥ ನೆಲೆಗೊಂಡಿತು.

ಈ ಆಕಾರವೇ ದೇವರೆಂದು ಗುಡಿಯ ಶಾಸ್ತ್ರವೂ ಹೇಳುವುದಿಲ್ಲ. ಶಿಲ್ಪಿ ಕಡೆದುಕೊಟ್ಟ ಕಲ್ಲು ಪ್ರಾಣಪ್ರತಿಷ್ಠೆಯಿಂದ, ಅಂದರೆ ದೈವಸಾನ್ನಿಧ್ಯವನ್ನು ಆವಾಹಿಸುವ ವಿಧಿಯಿಂದ, ಪೂಜಾರ್ಹವಾಗುತ್ತದೆ. ಮುಕ್ಕಾದರೆ ಆ ಅರ್ಹತೆ ಹೋಗುತ್ತದೆ. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯವು ಭಗ್ನಗೊಂಡ ಮೇಲೆ ಪೂಜೆಯಿಲ್ಲದೆ ಉಳಿದುದು ಈ ಕಾರಣದಿಂದಲೇ.

ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದ ಮಿಷನರಿಗಳ ಶ್ರಮದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಬೈಬಲು ಕನ್ನಡಕ್ಕೆ ಬಂದಾಗ, ಗೌರವದ ಈ ಪದವು ನಿಷೇಧದ ವಾಕ್ಯಗಳೊಳಗೆ ಸೇರಿತು. ಹೀಬ್ರೂ ಮೂಲದಲ್ಲಿ ಅಲ್ಲಿರುವುದು ‘ಪೆಸೆಲ್’, ಅಂದರೆ ಕೆತ್ತಿದ್ದು. ಕೆಲವೆಡೆ ‘ಎಲೀಲೀಂ’, ಅಂದರೆ ಕೆಲಸಕ್ಕೆ ಬಾರದವು. ಬೊಂಬೆ ಅಲುಗಾಡದಂತೆ ಮೊಳೆ ಹೊಡೆಯುವವರನ್ನು ಪ್ರವಾದಿ ಯೆರೆಮೀಯನು ಗೇಲಿಮಾಡುತ್ತಾನೆ. ನಮ್ಮ ಗುಡಿಗಳಲ್ಲಿಯೂ ಅರಗು, ಜೇನುಮೇಣ ಮೊದಲಾದ ಎಂಟು ದ್ರವ್ಯಗಳನ್ನು ಕುಟ್ಟಿ ಮಾಡಿದ ಅಷ್ಟಬಂಧದಿಂದಲೇ ಮೂರ್ತಿಯನ್ನು ಪೀಠಕ್ಕೆ ಬಿಗಿಯುತ್ತಾರೆ. ಅದು ಸಡಿಲಗೊಂಡಾಗ ಮತ್ತೆ ಬಿಗಿಯಬೇಕು. ಇದಕ್ಕೆ ಎದುರಾಗಿ ಹೀಬ್ರೂ ಗ್ರಂಥವು ದೇವರ ಗುಣವೆಂದು ಸಾರುವುದು ‘ಎಮುನಾ’ವನ್ನು, ‘ಆಮೆನ್’ ಹುಟ್ಟಿದ ಧಾತುವಿನಿಂದಲೇ ಬಂದ ಈ ಪದಕ್ಕೆ ಅಲುಗದ ದೃಢತೆ, ಕೊಟ್ಟ ಮಾತಿಗೆ ತಪ್ಪದಿರುವಿಕೆ ಎಂದು ಅರ್ಥ. ಕನ್ನಡ ಬೈಬಲಿನ ದೇವರು ‘ನಂಬಿಗಸ್ತ’ನಾಗುವುದು ಈ ನೆಲೆಯಲ್ಲಿ.

ಯೆಶಾಯನ ಗ್ರಂಥದ 46ನೆಯ ಅಧ್ಯಾಯವು ವಾದವನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ: ಬಾಬೆಲಿನ ಬೇಲ್, ನೆಬೋ ದೇವತೆಗಳು ದಣಿದ ಪಶುಗಳ ಮೇಲಿನ ಹೊರೆಯಾದರೆ, ಇಸ್ರಾಯೇಲಿನ ದೇವರು ತನ್ನ ಜನರನ್ನು ಗರ್ಭದಿಂದ ಮುಪ್ಪಿನವರೆಗೆ ತಾನೇ ಹೊರುತ್ತಾನೆ. ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳ ಹಗ್ಗ ಹಿಡಿಯುವ ಭಕ್ತರಿಗೆ, ಹೊರುವವರು ಯಾರು ಎಂಬ ಈ ಪ್ರಶ್ನೆ ಹೊಸದಲ್ಲ; ತೇರನ್ನು ತಾವೇ ಎಳೆದರೂ, ಲೋಕದ ನಂಜುಂಡು ಕಾಯ್ದವನು ನಂಜುಂಡನೇ ಎಂಬುದು ಅವರ ನಂಬುಗೆ. ಆಕಾರ ಬೇಕೇ ಬೇಡವೇ ಎಂಬಲ್ಲಿ ಎರಡು ಪರಂಪರೆಗಳು ಒಂದಾಗಲಾರವು. ಆದರೆ ತನ್ನ ಕೈಕೆಲಸವು ತನ್ನನ್ನು ಕಾಯಲಾರದು, ಕಾಯುವುದಕ್ಕೆ ನಂಬಿಗಸ್ತನೊಬ್ಬನು ಬೇಕು ಎಂಬ ತಿಳಿವಳಿಕೆ ಎರಡಕ್ಕೂ ಸಲ್ಲುತ್ತದೆ.