ಎತ್ತರದಿಂದ ದೂರಕ್ಕೆ: ತೆರೆಯ ಮೇಲಿನ ಕಂಪನಿ ಕಟ್ಟಡಗಳು

ಕಲ್ಪಿತ ಮಹಾಕಂಪನಿಯೊಂದರ ಕೇಂದ್ರ ಕಚೇರಿಯನ್ನು ಕಂಪ್ಯೂಟರಿನೊಳಗೆ ಕಟ್ಟಬೇಕು. ಕಾಲಿಟ್ಟವರಿಗೆ ಆ ಕಂಪನಿಯ ಅಧಿಕಾರ ತಟ್ಟಬೇಕು. ವಾಸ್ತುಶಿಲ್ಪವನ್ನೋ ಗೇಮ್ ವಿನ್ಯಾಸವನ್ನೋ ಕಲಿಯುವವರಿಗೆ ಇಂಥ ಪ್ರಾಜೆಕ್ಟ್ ಕೊಟ್ಟರೆ ಕೈ ಮೊದಲು ಹೋಗುವುದು ಗೋಪುರದ ಕಡೆಗೆ. ಆ ಅಭ್ಯಾಸಕ್ಕೆ ನೂರು ವರ್ಷ ದಾಟಿದೆ.

1913ರಲ್ಲಿ ನ್ಯೂಯಾರ್ಕಿನ ವುಲ್‌ವರ್ತ್ ಕಟ್ಟಡ 792 ಅಡಿ ಎದ್ದು ನಿಂತಿತು. ಅಗ್ಗದ ಸಾಮಾನು ಮಾರಿ ಬೆಳೆದ ಅಂಗಡಿ ಸರಣಿಗೆ ವಾಸ್ತುಶಿಲ್ಪಿ ಕ್ಯಾಸ್ ಗಿಲ್ಬರ್ಟ್ ಗಾಥಿಕ್ ಚರ್ಚಿನ ಉಡುಪು ತೊಡಿಸಿದ್ದರು. ಮೂರು ವರ್ಷಗಳ ನಂತರ ಬಂದ ನಗರದ ಕಾನೂನು, ಎತ್ತರದ ಕಟ್ಟಡಗಳು ಮೇಲೇರುತ್ತ ಹಿಂದೆ ಸರಿಯಬೇಕೆಂದಿತು. ಅದರಿಂದ ಯಾವ ಆಕಾರ ಹುಟ್ಟಬಹುದೆಂದು ಚಿತ್ರಕಾರ ಹ್ಯೂ ಫೆರಿಸ್ ಇದ್ದಿಲಿನಲ್ಲಿ ಬರೆದು ತೋರಿಸಿದರು. 1929ರಲ್ಲಿ ಪುಸ್ತಕವಾದ ಅವರ ಚಿತ್ರಗಳೇ ಇಂದಿನ ಕಂಪ್ಯೂಟರ್ ರೆಂಡರ್‌ಗಳ ಪೂರ್ವಜರೆಂದು ನನ್ನ ನಂಬಿಕೆ. ಅಷ್ಟರಲ್ಲಿ ಫ್ರಿಟ್ಜ್ ಲಾಂಗ್ ‘ಮೆಟ್ರೊಪೊಲಿಸ್’ (1927) ಸಿನಿಮಾದಲ್ಲಿ ಒಡೆಯನನ್ನು ಗೋಪುರದಲ್ಲೂ ಕೆಲಸಗಾರರನ್ನು ನೆಲದಡಿಯಲ್ಲೂ ಇಟ್ಟಾಗಿತ್ತು.

ಎರಡನೇ ಮಹಾಯುದ್ಧದ ನಂತರ ದಾರಿ ತಿರುಗಿತು. 1958ರಲ್ಲಿ ಮುಗಿದ ನ್ಯೂಯಾರ್ಕಿನ ಸೀಗ್ರಾಮ್ ಕಟ್ಟಡವನ್ನು ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹ ರಸ್ತೆಯಿಂದ ಹಿಂದಕ್ಕೆ ಸರಿಸಿ ಮುಂದೆ ವಿಶಾಲ ಅಂಗಳ ಬಿಟ್ಟರು. ಪಾರ್ಕ್ ಅವೆನ್ಯೂದಂಥ ದುಬಾರಿ ಜಾಗದಲ್ಲಿ ನೆಲವನ್ನು ಖಾಲಿ ಬಿಡುವುದಕ್ಕಿಂತ ದೊಡ್ಡ ಶಕ್ತಿಪ್ರದರ್ಶನ ಯಾವುದು? ಹೊರಮೈಯ ಕಂಚಿನ ತೊಲೆಗಳು ಕಟ್ಟಡದ ಭಾರ ಹೊರುವುದಿಲ್ಲ. ಬೆಂಕಿಯಿಂದ ರಕ್ಷಿಸಲು ಉಕ್ಕಿನ ಹಂದರವನ್ನು ಕಾಂಕ್ರೀಟಿನಲ್ಲಿ ಮುಚ್ಚಬೇಕಾಯಿತು; ಹಂದರದ ಚಿತ್ರ ಮಾತ್ರ ಹೊರಗೆ ಉಳಿಯಿತು. ತೋರುವುದೇ ಬೇರೆ, ಹೊರುವುದೇ ಬೇರೆ. ವರ್ಚುವಲ್ ಕಟ್ಟಡಗಳು ಬದುಕುವುದು ಈ ಅಂತರದಲ್ಲೇ.

ಇಂಥ ಹೊಸ ಬಗೆಯ ಕಚೇರಿಯೊಳಗೆ ಅಧಿಕಾರ ಹೇಗೆ ತಟ್ಟುತ್ತದೆಂದು ತಿಳಿಯಲು, ಜಾಕ್ ತಾತಿ ಪ್ಯಾರಿಸ್ ಹೊರವಲಯದಲ್ಲಿ ಭಾರೀ ಸೆಟ್ ಕಟ್ಟಿಸಿ ತೆಗೆದ ‘ಪ್ಲೇಟೈಮ್’ (1967) ಸಿನಿಮಾ ನೋಡಿ. ಕಚೇರಿಗೆ ಬಂದ ಕಥಾನಾಯಕ ಉಲೋ ಕಾಯುತ್ತಾನೆ. ಉದ್ದನೆಯ ಕಾರಿಡಾರಿನ ಕೊನೆಯಿಂದ ಅಧಿಕಾರಿಯ ಬೂಟಿನ ಸದ್ದು ಕೇಳುತ್ತಲೇ ಇರುತ್ತದೆ, ಅಧಿಕಾರಿ ಮಾತ್ರ ಬಂದು ಮುಟ್ಟುವುದು ಬಹಳ ತಡವಾಗಿ. ಇಡೀ ಪರಂಪರೆಯಲ್ಲಿ ವಿದ್ಯಾರ್ಥಿಯೊಬ್ಬ ಒಂದೇ ದೃಶ್ಯ ನೋಡುವುದಾದರೆ ಇದನ್ನೇ ನೋಡಲಿ. ಇನ್ನೊಬ್ಬರನ್ನು ಕಾಯಿಸಬಲ್ಲವರ ಕೈಯಲ್ಲಿ ಅಧಿಕಾರವಿದೆ. ವಾಸ್ತುಶಿಲ್ಪಿ ಆ ಕಾಯುವಿಕೆಯನ್ನು ದೂರದಿಂದ ಕಟ್ಟುತ್ತಾನೆ.

1982ರಲ್ಲಿ ‘ಬ್ಲೇಡ್ ರನ್ನರ್’ ಸಿನಿಮಾ ಟೈರೆಲ್ ಕಂಪನಿಯ ಪಿರಮಿಡ್ ತೋರಿಸಿತು. ಅದೇ ವರ್ಷ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ಮಾರುಕಟ್ಟೆಗೆ ಬಂತು. 1999ರ ಹೊತ್ತಿಗೆ ಅಸಿಂಪ್ಟೋಟ್ ಎಂಬ ವಾಸ್ತುಶಿಲ್ಪ ಸಂಸ್ಥೆ ನ್ಯೂಯಾರ್ಕ್ ಷೇರುಪೇಟೆಗಾಗಿ ಮೂರು ಆಯಾಮದ ವರ್ಚುವಲ್ ವಹಿವಾಟು ಅಂಗಳವನ್ನೇ ರೂಪಿಸಿತ್ತು. 2015ರಲ್ಲಿ ಗೇಮ್ ಕಟ್ಟುವ ತಂತ್ರಾಂಶ ಅನ್‌ರಿಯಲ್ ಎಂಜಿನ್ ಎಲ್ಲರಿಗೂ ಉಚಿತವಾಗಿ ತೆರೆದ ಮೇಲೆ ಇಂಥ ಕೆಲಸ ವಿದ್ಯಾರ್ಥಿಯ ಲ್ಯಾಪ್‌ಟಾಪಿಗೇ ಬಂತು.

ಆದರೆ ಕಂಪ್ಯೂಟರಿನೊಳಗೆ ಅಮೃತಶಿಲೆಗೂ ಮಣ್ಣಿಗೂ ಬೆಲೆ ಒಂದೇ, ಖಾಲಿ ಜಾಗ ಪುಕ್ಕಟೆ. ಸೀಗ್ರಾಮಿನ ಅಂಗಳ ಸಾರಿದ ಸಿರಿತನವನ್ನು ಇಲ್ಲಿ ಸಾರಲಾಗದು. ಬಾಗಿಲು, ಮೆಟ್ಟಿಲು, ಕೈಕಂಬಿ ಇಲ್ಲದ ಸಾವಿರ ಅಡಿ ಗೋಪುರ ತೆರೆಯ ಮೇಲೆ ಬೆಂಕಿಪೊಟ್ಟಣದಂತೆ ಕಾಣುತ್ತದೆ. ಬೆಲೆಯುಳ್ಳದ್ದಾಗಿ ಉಳಿಯುವುದು ನೋಡುಗರ ಸಮಯ ಮಾತ್ರ. ಕ್ಯಾಮೆರಾವನ್ನು ಮನುಷ್ಯನ ಕಣ್ಣಿನ ಎತ್ತರಕ್ಕಿಟ್ಟು, ಸೆಕೆಂಡಿಗೆ 1.4 ಮೀಟರಿನ ಸಹಜ ನಡಿಗೆ ಕೊಟ್ಟರೆ 60 ಮೀಟರ್ ದೂರದ ಮೇಜು ತಲುಪಲು ಸುಮಾರು 43 ಸೆಕೆಂಡು ಬೇಕು. ಆ ಮೇಜಿನ ಹಿಂದೆ ಯಾರೂ ಇಲ್ಲದಿದ್ದರೂ ನಡೆಯುವವರು ಕುಗ್ಗುತ್ತಾರೆ.

2022ರ ‘ಸೆವರೆನ್ಸ್’ ಟಿವಿ ಸರಣಿ ಎತ್ತರದ ಹಂಗನ್ನೇ ತೊರೆದಿದೆ: ಹೊರಗೆ ಈರೊ ಸಾರಿನೆನ್ ವಿನ್ಯಾಸದ ಹಳೆಯ ಬೆಲ್ ಲ್ಯಾಬ್ಸ್ ಕಟ್ಟಡ, ಒಳಗೆ ಕಿಟಕಿಯಿಲ್ಲದ ಬಿಳಿ ಕಾರಿಡಾರುಗಳು. ವರ್ಚುವಲ್ ಮಾದರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಲ್ಲದು. ಬಾಗಿಲು ಒಬ್ಬರಿಗೆ ತೆರೆದು ಇನ್ನೊಬ್ಬರಿಗೆ ತೆರೆಯದಿರಬಹುದು, ಲಿಫ್ಟ್ ಕಂಪನಿ ಬಯಸಿದ ಮಹಡಿಯಲ್ಲೇ ನಿಲ್ಲಬಹುದು. ಅದನ್ನು ನಿರ್ಧರಿಸುವ ಕೋಡ್ ಕೂಡ ವಿನ್ಯಾಸವೇ. ಗೋಡೆ, ಕಂಬಗಳ ಜೊತೆಗೆ ಅದನ್ನೂ ನಕ್ಷೆಯಲ್ಲಿ ಬರೆದು ಒಪ್ಪಿಸುವಂತೆ ಸ್ಟುಡಿಯೊಗಳು ಕೇಳಬೇಕು.